ಮಗ್ಗದ ಕುಣಿಯಲ್ಲಿಟ್ಟ ಬೀಡಿ

ಇಳಕಲ್, ಗುರುವಾರ

ಮಗಳು ಮಹೇಶ್ವರಿಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಸೂಜಿಯ ಕಾಟ ತಪ್ಪಲೆಂದು ನೀನು ಬಾಗಲಕೋಟೆಯಲ್ಲಿ ಉಸಿರಿನೊಂದಿಗೆ ಎಳೆದುಕೊಳ್ಳುವ ಇನ್ಸುಲಿನ್ ಕೊಡಿಸಿದೆ. ಅಂದು ಡಾಕ್ಟರು, "ಬೀಡಿ ಸೇದ್ತೀರೇನ್ರಿ? ಸೇದೋರಿಗೆ ಇದು ಕೊಡೂದಿಲ್ಲ" ಎಂದರು. ನಾನು ಕೊರಳಿನ ಲಿಂಗ ಮುಟ್ಟಿ, "ಬಿಟ್ಟು ಮೂರು ವರ್ಷ ಆತ್ರಿ" ಎಂದೆ. ಪಕ್ಕದಲ್ಲಿ ನೀನು ಹೆಮ್ಮೆಯಿಂದ ನಕ್ಕೆ.

ನಾನು ಬಿಟ್ಟಿಲ್ಲ, ಮಗಳೇ. ಈಗ ಔಷಧ ಎಳೆದಾಗಲೆಲ್ಲ ಕೆಮ್ಮು ಹತ್ತಿ ಮಗ್ಗ ನಿಲ್ಲಿಸಬೇಕಾಗಿದೆ.

ಸೋಮವಾರ ಬಾ. ಡಾಕ್ಟರ ಮುಂದೆ ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲೇ ನಿಂತಿರು. ಮತ್ತೆ ಸೂಜಿಯೇ ಆಗಲಿ.

ಬೀಡಿ ಕಟ್ಟು ಮಗ್ಗದ ಕುಣಿಯಲ್ಲಿ, ನಾನು ಕಾಲಿಡುವ ಕಡೆ ಇದೆ. ನೀನೇ ತೆಗೆದು ತಿಪ್ಪೆಗೆ ಒಗೆ. ನನ್ನ ಕೈಯಿಂದ ಆಗಲಿಲ್ಲ. ತಡ ಮಾಡಬೇಡ, ನಾಲ್ಕೇ ಉಳಿದಿವೆ.

ನಿನ್ನ ಅಪ್ಪ,
ಶಿವಸಂಗಪ್ಪ