ಆಕಿ ನಿನಗ ಏನ್ ಕೊಟ್ಟಾಳ?

ರಾಜೂರ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಕಣ್ಣು ಹ್ಯಾಂಗದಾವು? ಪಟ್ಟಿ ಬಿಚ್ಚ್ಯಾರೋ ಇಲ್ಲೋ? ಚಿಗವ್ವ ಹೊತ್ತಿಗೆ ಸರಿಯಾಗಿ ಹನಿ ಹಾಕ್ತಾಳಲ್ಲ? ಒಲಿ ಮುಂದ ಕುಂಡ್ರಬ್ಯಾಡ, ಹೊಗಿ ತಾಗ್ತೈತಿ. ನರಗುಂದದಾಗ ನಿನಗ ಹೊತ್ತು ಹೋಗೂದಿಲ್ಲ ಅಂತ ಗೊತ್ತೈತಿ, ಆದ್ರೂ ಡಾಕ್ಟರ್ ಹೇಳಿದಷ್ಟು ದಿನ ಅಲ್ಲೇ ಇರು. ಈ ಪತ್ರಾನ ಅಲ್ಲಿ ಬಾಜೂ ಮನಿ ಗುಲ್ಷನನ ಕಡೆ ಓದಿಸಿಕೋ. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ.

ಒಂದು ಮಾತು ನಿನ್ನಿಂದ ಮುಚ್ಚಿಟ್ಟೇನಿ. ಆರು ತಿಂಗಳಿಂದ ರವಿವಾರಕ್ಕೊಮ್ಮೆ ದಾರ ತರಾಕ ಗಜೇಂದ್ರಗಡಕ್ಕ ಹೋಗ್ತೇನಿ ಅಂತಿದ್ನೆಲ್ಲ, ಅದು ಸುಳ್ಳು. ನಾ ಹೋಗ್ತಿದ್ದದ್ದು ನಮ್ಮೂರ ಕಡೀ ಓಣ್ಯಾಗಿನ ರಾಹೇಲಮ್ಮನ ಮನಿಗೆ. ಬೆಟಗೇರಿ ಕಡಿಯಾಕಿ, ನರ್ಸ್ ಆಗಿ ರಿಟೈರ್ ಆಗ್ಯಾಳ, ಕ್ರಿಶ್ಚನ್ನರಾಕಿ. ಆಕಿ ಪಡಸಾಲ್ಯಾಗ ಏಳೆಂಟು ಮಂದಿ ಕೂಡಿ ಪ್ರಾರ್ಥನಾ ಮಾಡ್ತಾರ. ಮೊದಲ ಸಲ ಕುಪ್ಪಸದ ಅಳತಿ ತಗೊಳ್ಳಾಕ ಹೋಗಿದ್ದೆ. ಸೆರಗಿಲೆ ಅರ್ಧ ಮಾರಿ ಮುಚ್ಚಿಕೊಂಡು ಟೇಪ್ ಹಿಡದಿದ್ದೆ. ಆಕಿ ಸೆರಗ ಸರಿಸಿ, ಎರಡೂ ಅಂಗೈ ನನ್ನ ಗಲ್ಲಕ್ಕ ಇಟ್ಲು. ತೊನ್ನಿನ ಮ್ಯಾಲೇ ಇಟ್ಲು. “ಇಷ್ಟು ಚಂದ ಹೊಲಿಯಾಕಿ ಯಾಕ ಅಡಗತಿ ಮಗಾ?” ಅಂದ್ಲು.

ಅವ್ವಾ, ತೊನ್ನು ಬಂದ ಹದಿನಾಲ್ಕು ವರ್ಷದಾಗ ನನ್ನ ಮಾರಿ ಯಾರೂ ಮುಟ್ಟಿರಲಿಲ್ಲ. ನೀನೂ ಮುಟ್ಟಿರಲಿಲ್ಲ. ಸಿಟ್ಟಿನಿಂದ ಇದನ್ನ ಬರಿಯಾಕತ್ತಿಲ್ಲ ಮತ್ತ. ನಿಂಗಪ್ಪಣ್ಣನ ಲಗ್ನದಾಗ ಬೀಗರು ಬಂದಾಗ ನನ್ನ ಕಾಳಿನ ಖೋಲ್ಯಾಗ ಕುಂಡ್ರಿಸಿದ್ರಿ; ನೀನು ಬಾಗಿಲ ಹೊರಗ ನಿಂತು ಅತ್ತದ್ದು ನನಗ ಕೇಳಿಸಿತ್ತು. “ಇಂಥಾಕಿನ್ನ ದೇವರು ಯಾಕ ಹುಟ್ಟಿಸಿದ್ನೋ” ಅಂತ ಸೋದರತ್ತಿ ಅಂದದ್ದೂ ಕೇಳಿಸಿತ್ತು. ಆ ಪ್ರಶ್ನಿ ಮುಳ್ಳಾಗಿ ಒಳಗ ಉಳದಿತ್ತು. ಅದನ್ನ ರಾಹೇಲಮ್ಮಗ ಕೇಳಿದೆ. “ಬೇಕಂತಲೇ ಹುಟ್ಟಿಸ್ಯಾನ. ಪ್ರೀತಿ ಮಾಡಾಕ ಹುಟ್ಟಿಸ್ಯಾನ. ಊರು ದೂರ ಇಟ್ಟವರನ್ನ ಯೇಸುಸ್ವಾಮಿ ದೂರ ನಿಂತು ಹರಸಲಿಲ್ಲ, ಹತ್ತಿರ ಹೋಗಿ ಮುಟ್ಟಿದ” ಅಂದ್ಲು. ಅವತ್ತ ನಾ ಎಷ್ಟು ಅತ್ತೆ ಅಂದ್ರ ಟೇಪ್ ಅಲ್ಲೇ ಬಿಟ್ಟು ಬಂದೆ. ತೊನ್ನು ಹೋಗಿಲ್ಲವ್ವಾ. ಹೋಗ್ತೈತಿ ಅಂತ ಅಲ್ಲಿ ಯಾರೂ ಹೇಳಿಲ್ಲ. ಆದ್ರ ಈಗ ಕನ್ನಡಿ ಮುಂದ ನಿಂತು ತಲಿ ಬಾಚಿಕೊಳ್ಳಾಕತ್ತೇನಿ.

ದೀಪಾವಳಿ ಆದ ಮ್ಯಾಲೆ ಎಲ್ಲಾ ಬ್ಯಾರೆ ಆತು. ಹೊಲಿಯಾಕ ಕೊಟ್ಟ ಕುಪ್ಪಸಾನ ಒಬ್ಬೊಬ್ಬರೇ ಅರ್ಧಕ್ಕ ವಾಪಸ್ ಒಯ್ದರು. ಯಾಕ ಅಂತ ಕೇಳೂದ್ರಾಗ ಬಾಗಿಲ ದಾಟಿರ್ತಿದ್ರು. ರಾಹೇಲಮ್ಮನ ಮನಿ ಎದುರಿಗೆ ಎರಡು ರವಿವಾರ ಒಂದು ಬೈಕ್ ನಿಂತಿತ್ತು. ಇಬ್ಬರಿದ್ರು. ಒಳಗ ಹೋಗಾವರ ಫೋಟೊ ತಗದ್ರು ಅಷ್ಟ. ಹೋದ ರವಿವಾರ ನಾವು ನಾಕ ಮಂದಿ ಉಳದಿದ್ವಿ. ಹಾಡಿನ ನಡುವ ಯಾರೋ ಹೊರಗಿಂದ ಚಿಲಕ ಹಾಕಿದ್ರು. ಒಂದು ತಾಸು ಹಂಗ ಕುಂತಿದ್ವಿ. ಆಮ್ಯಾಲೆ ತಾವ ತಗದು ಹೋದ್ರು. ಹೊರಗ ಬಂದು ನೋಡಿದ್ರ ಓಣ್ಯಾಗ ಒಂದು ಮನಿ ಬಾಗಿಲೂ ತೆರದಿರಲಿಲ್ಲ.

ನಿನ್ನೆ ಮಧ್ಯಾಹ್ನ ನಿಂಗಪ್ಪಣ್ಣ ಒಂದು ಟೈಪ್ ಮಾಡಿದ ಕಾಗದ ತಂದ. ರಾಹೇಲಮ್ಮ ನನಗ ಆಸೆ ತೋರಿಸಿ, ಅಂಜಿಸಿ, ಧರ್ಮ ಬಿಡಿಸಾಕತ್ತ್ಯಾಳ ಅಂತ ಅದರಾಗ ಬರದಿತ್ತು. ಅವನ ಹಿಂದ ಆ ಬೈಕಿನವರೂ ಬಂದಿದ್ರು. ಒಬ್ಬಾಂವ ಭಾಳ ಸಾವಕಾಶ ಕೇಳಿದ, “ಆಕಿ ನಿನಗ ಏನ್ ಕೊಟ್ಟಾಳ? ಹೇಳವ್ವಾ, ಅಂಜಬ್ಯಾಡ.”

“ಏನೂ ಕೊಟ್ಟಿಲ್ರಿ. ನನ್ನ ಮುಟ್ಟಿದ್ಲು” ಅಂದೆ.

ಅಂವ ನಕ್ಕ. ಅಣ್ಣ ನಗಲಿಲ್ಲ. ಅವರು ಹೋದ ಮ್ಯಾಲೆ, “ಸಹಿ ಮಾಡ ಉಮಾ. ಆಕಿ ಹೊರಗಿನಾಕಿ, ನಾವು ಇಲ್ಲೇ ಬಾಳಬೇಕು. ರವಿವಾರ ಏನಾಗ್ತೈತೋ ನನ್ನ ಕೈಯಾಗಿಲ್ಲ” ಅಂದ. ನಾ ಸಹಿ ಮಾಡಲಿಲ್ಲವ್ವಾ. ಮೊದಲಾಗಿದ್ರ ಮಾಡ್ತಿದ್ದೆ, ಯಾರಿಗೂ ಬ್ಯಾಡಾದಾಕಿ ಹೆಸರು ಎಲ್ಲಿ ಬರದ್ರೇನು ಅಂತ. ಈಗ ನನ್ನ ಹೆಸರು ದೇವರ ಬಾಯಾಗ ಐತಿ ಅಂತ ಗೊತ್ತಾಗೈತಿ. ಸುಳ್ಳಿನ ಕೆಳಗ ಅದನ್ನ ಬರಿಯಾಕ ಕೈ ಏಳಲಿಲ್ಲ.

ಅಣ್ಣನ ಮ್ಯಾಲೆ ಸಿಟ್ಟಾಗಬ್ಯಾಡ, ಅಂವ ಅಂಜ್ಯಾನ. ಚಿಗವ್ವಗ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಪಾದಕ್ಕ ಹಣಿ ಹಚ್ಚೇನಿ.

ನಿನ್ನ ಮಗಳು
ಉಮಾಶ್ರೀ

ತಾ.ಕ.: ಪತ್ರ ಮಡಚಾಕತ್ತಿದ್ದೆ, ಅಣ್ಣ ಅತ್ತಿಗಿ ಮುಂದ ಹೇಳೂದು ಕೇಳಿಸಿತು. ಇನ್ನೊಂದು ಕಾಗದ ಮಾಡಿಸ್ಯಾರಂತ, ನಿನ್ನ ಹೆಸರಿಲೆ. ‘ನನ್ನ ಮಗಳನ್ನ ಮೋಸದಿಂದ ಎಳಕೊಂಡಾರ’ ಅಂತ. ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಅಂವ ನಿನ್ನ ಕಡೆ ಬರ್ತಾನ. ‘ಇದು ದವಾಖಾನಿ ಕಾಗದ, ಹೆಬ್ಬಟ್ಟು ಒತ್ತು’ ಅಂತ ಸುಳ್ಳು ಹೇಳ್ತಾನ. ಒತ್ತಬ್ಯಾಡವ್ವಾ. ಆ ಕಾಗದ ಒಯ್ದು ಆ ಮುದುಕಿನ್ನ ಜೇಲಿಗೆ ಹಾಕ್ತಾರ. ನನ್ನ ಫೋನ್ ಅಣ್ಣ ಇಸಗೊಂಡಾನ, ಅದಕ್ಕ ಇಲ್ಲಿ ಗೋವಿನಜೋಳ ಹೇರಾಕ ಬಂದ ಗುಲ್ಷನನ ಅಣ್ಣ ನಯೀಮನ ಕೈಯಾಗ ಇದನ್ನ ಕೊಡಾಕತ್ತೇನಿ; ಅವನ ಗಾಡಿ ಈಗ ನರಗುಂದಕ್ಕ ಹೊರಡತೈತಿ. ಉಳದವರು ಈ ರವಿವಾರ ಬರೂದಿಲ್ಲ ಅಂತ ಹೇಳಿ ಕಳಿಸ್ಯಾರ, ರಾಹೇಲಮ್ಮ ಒಬ್ಬಾಕಿನ ಇರ್ತಾಳ. ನಾ ಹೋಗಾಕಿ. ಆಮ್ಯಾಲೆ ಯಾರರ ಬಂದು ಏನರ ಹೇಳಿದ್ರ, ನನ್ನ ಮಗಳು ತನ್ನ ಕಾಲಿಲೆ ನಡಕೊಂಡು ಹೋಗಿದ್ಲು ಅಂತ ಹೇಳು.