ಅಮಾವಾಸ್ಯೆಗೆ ಬಾರದ ಬಟವಾಡೆ

ಶಹಾಬಾದ
೪-೪-೧೯೬೬, ಸೋಮವಾರ

ಚಿ. ಸೌ. ಸುಂದರಬಾಯಿಗೆ ನಿನ್ನ ಅವ್ವನ ಆಶೀರ್ವಾದ. ಹೊಟ್ಟೆಯೊಳಗಿನ ಕೂಸಿಗೂ ಅಷ್ಟೇ ಆಶೀರ್ವಾದ. ನಾಲ್ಕನೇ ಇಯತ್ತೆ ಓದಿದವಳ ಅಕ್ಷರ, ಸಾಲು ಸೊಟ್ಟಗಾದರೆ ನಗಬೇಡ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮ ಓಣಿಯಲ್ಲಿ ದಡಾರ ಎದ್ದಿದೆ, ಚೊಚ್ಚಲ ಬಸುರಿ ಈಗ ಬರುವುದು ಬೇಡ ಎಂದು ಕಳೆದ ತಿಂಗಳು ಬರೆದಿದ್ದೆನಲ್ಲ, ಅದು ಸುಳ್ಳು. ಓಣಿಯ ಯಾವ ಕೂಸಿಗೂ ಒಂದು ಗುಳ್ಳೆ ಎದ್ದಿಲ್ಲ. ನಮ್ಮ ಡಬ್ಬಿಯಲ್ಲಿ ಜೋಳ ಮುಗಿಯುತ್ತ ಬಂದಿತ್ತು, ಅಷ್ಟೇ. ಮೊದಲ ಹೆರಿಗೆಗೆ ಬರುವ ಮಗಳನ್ನು ಆರಿದ ಒಲೆಯ ಮುಂದೆ ಹೇಗೆ ಕೂಡಿಸಲಿ ಎಂದು ನಾಚಿಕೆಯಾಯಿತು. ತವರಿನವರು ಕರೆಯಲಿಕ್ಕೆ ಬರಲೇ ಇಲ್ಲ ಎಂದು ಮುಧೋಳದಲ್ಲಿ ನಾಲ್ಕು ಮಂದಿ ನಿನ್ನೆದುರು ಅಂದಿರಬೇಕು. ಆ ಮಾತು ನನ್ನಿಂದಲೇ ನಿನಗೆ ತಟ್ಟಿತು.

ಆದದ್ದು ಹೀಗೆ. ಈ ಫರಸಿ ಕಲ್ಲಿನ ಕಂಪನಿಯಲ್ಲಿ ನಿಮ್ಮಪ್ಪ ಗಣಿಯೊಳಗೆ ಕಲ್ಲು ಎಬ್ಬಿಸುವುದು, ನಾನು ಶೆಡ್ಡಿನಲ್ಲಿ ಹಾಸುಗಲ್ಲು ತೊಳೆಯುವುದು ನಿನಗೆ ಗೊತ್ತೇ ಇದೆ. ಪ್ರತಿ ಶನಿವಾರ ಕೂಲಿಯ ಬಟವಾಡೆ, ಹಾಗೇ ಬಜಾರಿಗೆ ಹೋಗಿ ವಾರದ ಜೋಳ. ಶಿವರಾತ್ರಿಯಾದ ಮೇಲೆ ಹಾಜರಿ ಗುಮಾಸ್ತರಾದ ಬಸವಂತರಾಯರು ಎಲ್ಲರನ್ನೂ ಕೂಡಿಸಿ, ಇನ್ನು ವಾರದ ಬಟವಾಡೆ ಬಂದ್, ರೈಲ್ವೆಯವರ ಹಾಗೆ ನಿಮಗೂ ತಿಂಗಳ ಪಗಾರ ಎಂದರು. ನಮಗೆಲ್ಲ ಹೆಮ್ಮೆ. ನಿಮ್ಮಪ್ಪ ಮರುದಿನದಿಂದಲೇ ರುಮಾಲು ಬಿಗಿಯಾಗಿ ಸುತ್ತತೊಡಗಿದರು.

ಆದರೆ ತಿಂಗಳು ಎಂದರೆ ಯಾವ ತಿಂಗಳು ಎಂದು ಯಾರೂ ಕೇಳಲಿಲ್ಲ. ನಮ್ಮದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ನನ್ನ ಜೊತೆ ಕಲ್ಲು ತೊಳೆಯುವ ಜೈತುನ್ಬೀಗೆ ಚಾಂದ್ ಕಂಡರೆ ಹೊಸ ತಿಂಗಳು. ಗಂಡ ತೀರಿದ ಮೇಲೆ ವಾಡಿಯಿಂದ ಬಂದವಳು ಆಕೆ, ನೀನು ನೋಡಿಲ್ಲ. ಆಕೆಯದೂ ನಮ್ಮದೂ ಒಂದೇ ಹೊತ್ತಿಗೆ ಮುಗಿಯುವುದರಿಂದ ಯಾರಿಗೂ ಅನುಮಾನವೇ ಬರಲಿಲ್ಲ. ಯುಗಾದಿ ಅಮಾವಾಸ್ಯೆಗೆ ಪಗಾರ, ಮರುದಿನ ಹೋಳಿಗೆ ಎಂದು ಇದ್ದ ಕಾಳನ್ನು ಅಲ್ಲಿಯವರೆಗೆ ಹಿಗ್ಗಿಸಿಕೊಂಡೆವು.

ಅಮಾವಾಸ್ಯೆಯ ದಿನ ಮಿಂದು, ಒಗೆದ ಸೀರೆ ಉಟ್ಟು, ಹನ್ನೆರಡು ಹೆಂಗಸರು ಆಫೀಸಿನ ಮುಂದೆ ಸಾಲಾಗಿ ಕುಳಿತೆವು. ಬಸವಂತರಾಯರು ಕನ್ನಡಕ ಮೇಲೇರಿಸಿ ನೋಡಿ, "ಯಾಕ್ರೆವ್ವಾ, ಯಾರದರ ಲಗ್ನ ಅದ ಏನು?" ಎಂದರು. ಪಗಾರಕ್ಕೆ ಬಂದಿದ್ದೇವೆ ಎಂದಾಗ ಅವರಿಗೆ ನಗು ಬರಲಿಲ್ಲ, ಪಾಪ. ಗೋಡೆಯ ಕ್ಯಾಲೆಂಡರ್ ಇಳಿಸಿ ತಂದು ತೋರಿಸಿದರು. ಇದು ಇಂಗ್ಲಿಷ್ ತಿಂಗಳು, ಮೂವತ್ತೊಂದು ದಿನ ತುಂಬಬೇಕು, ಆಮೇಲೆ ಹಾಜರಿ ಕೂಡಿಸಬೇಕು, ಪಗಾರ ಏಳನೇ ತಾರೀಖಿಗೆ. ಅಂದರೆ ಇನ್ನೂ ಹದಿನಾರು ದಿನ.

ಮೊದಲು ಎದ್ದವಳು ಜೈತುನ್ಬೀ. "ಸಾಹೇಬ್ರೆ, ಚಂದಪ್ಪ ನಮ್ಮ ಕಡಿ, ಕ್ಯಾಲೆಂಡರ್ ನಿಮ್ಮ ಕಡಿ. ಇರ್ಲಿ ಬಿಡ್ರಿ. ಆ ಒಡದ ಹಾಸು ಮೂರು ಕೊಡ್ರಿ" ಎಂದಳು. ಅವರು ಯಾಕೆ ಎಂದೂ ಕೇಳದೆ ಕೊಟ್ಟರು. ಶೆಡ್ಡಿನ ಪಕ್ಕದ ಬೇವಿನ ಮರದ ಕೆಳಗೆ ಆ ಕಲ್ಲುಗಳನ್ನು ನಿಲ್ಲಿಸಿ ಒಲೆ ಮಾಡಿದಳು. ಯಾರ ಮನೆಯಲ್ಲಿ ಏನಿದೆಯೋ ತನ್ನಿರಿ, ಹಿಡಿ ನುಚ್ಚಾದರೂ ಸರಿ, ನಾಲ್ಕು ಮೆಣಸಿನಕಾಯಿಯಾದರೂ ಸರಿ, ಹನ್ನೆರಡು ಮನೆಗೂ ಇಲ್ಲೇ ಬೇಯಿಸೋಣ ಎಂದಳು. ಕೆಲವರು ಮುಖ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು: "ಇದು ನನ್ನ ಒಲಿನೂ ಅಲ್ಲ, ನಿಮ್ಮ ಒಲಿನೂ ಅಲ್ಲ. ಕಂಪನಿ ಒಲಿ. ಇದಕ್ಕ ಎಲ್ಲಿ ಜಾತಿ ಹುಡುಕ್ತೀರಿ?"

ನಮ್ಮ ಅತ್ತೆ, ನಿಮ್ಮ ಆಯಿ ಭೀಮಮ್ಮ ಮಾತ್ರ, ಜೈತುನ್ಬೀ ಮುಟ್ಟಿದ್ದನ್ನು ತಾನು ಉಣ್ಣುವುದಿಲ್ಲವೆಂದು ಮನೆಯಲ್ಲೇ ಕುಳಿತಿತು. ಜೈತುನ್ಬೀ ಸಿಟ್ಟಾಗಲಿಲ್ಲ. ನಮ್ಮ ಹೊಸ್ತಿಲ ಹೊರಗೇ ನಿಂತು, "ಆಯಿ, ಇಷ್ಟು ಮಂದಿಗಿ ರೊಟ್ಟಿ ಬಡಿಯಾಕ ನನಗ ಬರಲ್ಲ. ನೀವು ಬಂದು ಕುಂದ್ರಿ. ನಾ ಬೆಂಕಿ ನೋಡ್ಕೋತೀನಿ" ಎಂದಳು. ನೀನೇ ಹೇಳು, ನಮ್ಮ ಆಯಿಯನ್ನು ಯಾರಾದರೂ ಹಾಗೆ ಕರೆದು ಎಷ್ಟು ವರ್ಷವಾಯಿತು? ಕೋಲು ಊರಿಕೊಂಡು ಹೊರಟೇ ಬಿಟ್ಟಿತು. ನಾಲ್ಕನೇ ದಿನ ನನ್ನ ಕಣ್ಣಾರೆ ಕಂಡೆ: ಪುಂಡಿಪಲ್ಲೆಯನ್ನು ಸೌಟಿನಲ್ಲಿ ತೆಗೆದು, "ನೋಡಾ ಜೈತೂನಾ, ಉಪ್ಪು ಸರಿ ಅದ ಏನು?" ಎಂದು ಆಕೆಯ ಅಂಗೈಗೇ ಹಾಕಿತು. ಯುಗಾದಿಯೂ ಬಕ್ರೀದೂ ಆ ಒಲೆಯ ಮುಂದೆಯೇ ಕಳೆದವು. ಹೋಳಿಗೆ ಇರಲಿಲ್ಲ. ಹಸಿದು ಮಲಗಿದವರೂ ಇರಲಿಲ್ಲ.

ನಿನ್ನೆ ಜೈತುನ್ಬೀ, ಮಗಳನ್ನು ಯಾವಾಗ ಕರೆತರುತ್ತೀ ಎಂದು ಕೇಳಿದಳು. ನಿನಗೆ ದಡಾರದ ಸುಳ್ಳು ಬರೆದದ್ದನ್ನು ಹೇಳಿದೆ. ಪಗಾರ ಬರಲಿ, ಡಬ್ಬಿ ತುಂಬಲಿ, ಆಮೇಲೆ ಕರೆತರುತ್ತೇನೆ ಎಂದೆ. ಒಲೆಗೆ ಇಡುತ್ತಿದ್ದ ಕಟ್ಟಿಗೆ ಆಕೆಯ ಕೈಯಲ್ಲೇ ನಿಂತಿತು.

"ಹಸದೀವಿ ಅಂತ ಬರದಿದ್ರ ನಿನ್ನ ಮಗಳು ರೊಟ್ಟಿ ಕಟಗೊಂಡು ಓಡಿ ಬರತಿದ್ಲು. ನೀ ಬರಬ್ಯಾಡ ಅಂತ ಬರದಿ. ಈಗ ಆಕಿ ಅಲ್ಲಿ ಉಂಡೂ ಉಪಾಸ ಇರತಾಳ."

ನನಗೆ ಅಲ್ಲಿ ಕೂಡಲಿಕ್ಕಾಗಲಿಲ್ಲ.

ಆದ್ದರಿಂದ ಏಳನೇ ತಾರೀಖಿನವರೆಗೆ ಕಾಯುವುದಿಲ್ಲ, ತಾಯಿ. ಈ ಪತ್ರವನ್ನು ನಿಮ್ಮಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂವರೆಗೆ ರೈಲು, ಅಲ್ಲಿಂದ ಮುಧೋಳಕ್ಕೆ ಬಸ್ಸು. ಅವರ ಜೊತೆ ಹೊರಟು ಬಾ. ಟಿಕೀಟು ಎಲ್ಲಿಂದ ಬಂತು ಎಂದು ಕೇಳಬೇಡ. ಜೈತುನ್ಬೀ ಬಕ್ರೀದಿಗೆ ಹಳೆಯ ಸೀರೆಯನ್ನೇ ಉಟ್ಟಳು ಎಂದಷ್ಟೇ ಹೇಳಬಲ್ಲೆ. ಡಬ್ಬಿ ಖಾಲಿಯಾಗಿಯೇ ಇದೆ. ಆದರೆ ನಿನ್ನ ತಲೆಗೆ ಎಣ್ಣೆ ಹಚ್ಚಲಿಕ್ಕೆ ಹನ್ನೆರಡು ಹೆಂಗಸರು ಈಗಲೇ ಪಾಳಿ ಹಚ್ಚಿ ಜಗಳಾಡುತ್ತಿದ್ದಾರೆ. ನನ್ನ ಮೇಲೆ ಸಿಟ್ಟಿದ್ದರೆ ಇಲ್ಲಿಗೆ ಬಂದು ಸಿಟ್ಟು ಮಾಡು.

ನಿನ್ನ ದಾರಿ ಕಾಯುತ್ತಿರುವ ಅವ್ವ,
ಅಮೃತಮ್ಮ

ತಾ.ಕ.: ಇನ್ನೊಂದು ಮಾತನ್ನು ಜೈತುನ್ಬೀಗೂ ಹೇಳಿಲ್ಲ. ಮಗಳನ್ನು ಯಾಕೆ ಕರೆಸಲಿಲ್ಲ ಎಂದು ನಿಮ್ಮಪ್ಪ ಕೇಳಿದಾಗ, ಬೀಗರೇ ಕಳಿಸುತ್ತಿಲ್ಲ ಎಂದುಬಿಟ್ಟಿದ್ದೆ. ಜೋಳವಿಲ್ಲವೆಂದು ನಾನೇ ನಿನ್ನನ್ನು ತಡೆದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅವರು ನಿಮ್ಮ ಅತ್ತೆ ಮಾವನ ಮೇಲೆ ಹಲ್ಲು ಕಡಿಯುತ್ತಲೇ ಈ ಪತ್ರ ಹೊತ್ತು ಬರುತ್ತಿದ್ದಾರೆ. ಅವರಿಗೆ ಓದಲು ಬಾರದು. ಮೊದಲು ಊಟಕ್ಕೆ ಕೂಡಿಸು, ಬಾಯಲ್ಲಿ ತುತ್ತಿರುವಾಗ ಇದನ್ನು ಮೊದಲಿನಿಂದ ಗಟ್ಟಿಯಾಗಿ ಓದು. ಅಷ್ಟರೊಳಗೆ ಬೀಗರಿಗೆ ಏನಾದರೂ ಅಂದುಬಿಟ್ಟಿದ್ದರೆ, ಅವರೆದುರೇ ಓದು.