ಬಾಯಲ್ಲಿ ಬಿಸ್ಕತ್ತಿತ್ತು, ಕೂಗಿದ್ದು ನಿಮ್ಮ ಸ್ಪೀಕರು

ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಾದ ಮಾನ್ಯರೇ,

ದಯವಿಟ್ಟು ಕುಳಿತುಕೊಂಡು ಓದಿ. ಬಹುವಚನದಲ್ಲೇ ಹೇಳಿದ್ದೇನೆ, ಈ ಪತ್ರಿಕೆಯ ಓದುಗರೆಲ್ಲ ಸಾಕ್ಷಿ. ಅಭಿಮಾನಿಗಳ ಜೊತೆ ನೀವು ನಡೆಸಿದ ‘ಸಂವಾದ’ ಸಭೆಯಲ್ಲಿ ನಾನು ನಿಮಗೆ ಏಕವಚನದಲ್ಲಿ ‘ಕೂತ್ಕೊಳೋ’ ಎಂದು ಕೂಗಿದೆನೆಂದು, ಸೀಸನ್ ಮುಗಿಯುವವರೆಗೆ ನನ್ನನ್ನು ಮೈದಾನದಿಂದ ಹೊರಗಿಟ್ಟಿದ್ದೀರಿ. ಆ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲೂ ಇರಲಿಲ್ಲ. ನೀವೇ ಹಂಚಿಸಿದ ಕ್ರೀಮ್ ಬಿಸ್ಕತ್ತು ಬಾಯಿ ತುಂಬ ಇತ್ತು. ಕೂಗಿದ್ದು ನಿಮ್ಮ ಯಂತ್ರ. ಧ್ವನಿ ನನ್ನದೇ, ಒಪ್ಪುತ್ತೇನೆ. ಆದರೆ ಅದು ಹೋದ ವರ್ಷದ ಧ್ವನಿ. ನಿಮಗೆ ಹೇಳಿದ್ದಲ್ಲ. ಅದನ್ನು ಆ ಕೋಣೆಗೆ ಕರೆತಂದವನೂ ನಾನಲ್ಲ.

ನಾನು ಯಾರೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ದುಡಿಮೆಗೆಂದು ಈ ಊರಿಗೆ ಬಂದವನು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಒದ್ದೆ ಬೆಡ್‌ಶೀಟಿನ ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದು ತುದಿ ಎದುರಿನ ಅಕ್ಕ ಹಿಡಿಯುತ್ತಾರೆ, ಇಬ್ಬರೂ ಸೇರಿ ಬಿಸಿ ರೋಲರಿಗೆ ಒಡ್ಡುತ್ತೇವೆ. ಆ ಯಂತ್ರಗಳ ಅಬ್ಬರದಲ್ಲಿ ಗಂಟಲು ಹರಿದುಕೊಂಡರೂ ಕೇಳಿಸದು, ಅದಕ್ಕೆ ಅಲ್ಲಿ ಎಲ್ಲ ಕೈಸನ್ನೆ. ಹಲವರು ಹಂಚಿಕೊಂಡಿರುವ ಬಾಡಿಗೆ ಕೋಣೆಗೆ ಬಂದರೆ ಪಾಳಿ ಮುಗಿಸಿದ ಯಾರಾದರೊಬ್ಬರು ಮಲಗಿಯೇ ಇರುತ್ತಾರೆ, ಅದಕ್ಕೆ ಅಲ್ಲಿ ಎಲ್ಲ ಪಿಸುಮಾತು. ಅಂಗಡಿ, ಬ್ಯಾಂಕು, ಬಸ್ಸು ಎಲ್ಲೇ ಹೋದರೂ ನನ್ನ ಮಾತಿನ ಧಾಟಿ ಬೇರೆಯೆಂದು ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿಸುತ್ತಾರೆ. ಹೀಗೆ ವಾರವಿಡೀ ಮಡಚಿಟ್ಟ ಗಂಟಲನ್ನು ಬಿಚ್ಚಲು ನನಗಿರುವುದು ಒಂದೇ ಜಾಗ: ನಿಮ್ಮ ಮೈದಾನದಲ್ಲಿ ಗೋಲಿನ ಹಿಂದಿರುವ, ತಗಡಿನ ಛಾವಣಿಯ, ಸಿಮೆಂಟ್ ಮೆಟ್ಟಿಲಿನ ಸ್ಟ್ಯಾಂಡು.

ಈ ಪತ್ರವನ್ನೂ ನಾನು ಫೋನಿಗೆ ಪಿಸುಗುಟ್ಟಿಯೇ ಹೇಳಿದ್ದು. ಅಕ್ಷರಕ್ಕಿಳಿಸಿದವರು ನಮ್ಮ ಸ್ಟ್ಯಾಂಡಿನ ಟೀಚರಮ್ಮ. ಶಾಲೆಯಿಂದ ನಿವೃತ್ತರಾದರೂ ತಿದ್ದುವುದರಿಂದ ನಿವೃತ್ತರಾದವರಲ್ಲ. ರೆಫರಿಗೆ ಬೈಯುವಾಗಲೂ ವ್ಯಾಕರಣ ತಪ್ಪುವುದಿಲ್ಲ. ನಾನು ಬಳಸಿದ ಕೆಲವು ಪದಗಳನ್ನು ಅಚ್ಚು ಹಾಕಲಾಗದೆಂದು ತೆಗೆದು, ಆ ಜಾಗದಲ್ಲೆಲ್ಲ ‘ಮಾನ್ಯರೇ’ ಎಂದು ಹಾಕಿದ್ದಾರೆ. ಹಾಗಾಗಿ ಮುಂದೆ ‘ಮಾನ್ಯರೇ’ ತುಸು ಹೆಚ್ಚಾಗಿ ಕಂಡರೆ, ಗೌರವ ಉಕ್ಕಿ ಹರಿಯುತ್ತಿದೆ ಎಂದು ತಪ್ಪು ತಿಳಿಯಬೇಡಿ.

ಈಗ ಆ ಧ್ವನಿಯ ಜಾತಕ ಕೇಳಿ. ತಗಡಿನ ಸ್ಟ್ಯಾಂಡಿನಲ್ಲಿ ನನ್ನ ಮುಂದಿನ ಮೆಟ್ಟಿಲಿನಲ್ಲಿ ಕೂರುವವನು ನನ್ನ ಕೋಣೆಯವನೇ, ಪೇಂಟರ್. ಎತ್ತರದ ಗೋಡೆಗೂ ಏಣಿ ಕೇಳದ ಆಳು. ಎಲ್ಲರೂ ಕರೆಯುವುದು ಲೈಟುಕಂಬ ಎಂದು. ಚೆಂಡು ಮಧ್ಯದ ಗೆರೆ ದಾಟಿತೋ ಇಲ್ಲವೋ ಲೈಟುಕಂಬ ಎದ್ದ, ಎರಡೂ ಕೈ ಮೇಲೆ. ಅಲ್ಲಿಂದ ಮುಂದೆ ನನಗೆ ಕಾಣುವುದು ಅವನ ಅಂಗಿಯ ಬೆನ್ನು ಮಾತ್ರ. ನಮ್ಮ ತಂಡದ ಎಷ್ಟೋ ಗೋಲುಗಳನ್ನು ನಾನು ಆ ಬೆನ್ನಿನ ಮೇಲಿನ ಪೇಂಟಿನ ಕಲೆಗಳಾಗಿಯೇ ನೋಡಿದ್ದೇನೆ. ಹೋದ ಸೀಸನ್ನಿನ ಕೊನೆಯ ಮ್ಯಾಚಿನ ದಿನ, ಕೋಲಿನ ತುದಿಗೆ ಬೆಕ್ಕು ಕಟ್ಟಿದಂಥ ತುಪ್ಪಳದ ಮೈಕು ಹಿಡಿದು ನಿಮ್ಮ ಕಚೇರಿಯವರು ನಮ್ಮ ನಡುವೆ ಬಂದರು. ‘ಕ್ಲಬ್ಬಿನ ನೆನಪಿಗೆ ಒಂದು ವಿಡಿಯೋ, ಸ್ವಲ್ಪ ಜೋರಾಗಿ ಕೂಗಿ’ ಎಂದರು. ಜೋರಾಗಿ ಕೂಗಿ ಎಂದು ನಮಗೆ ಈ ಊರಿನಲ್ಲಿ ಯಾರೂ ಹೇಳಿದ್ದೇ ಇಲ್ಲ. ಕೂಗಿದೆವು. ಗೋಲು ಬಿತ್ತು, ತಗಡು ಹಾರಿಹೋಗುವಂತೆ ಕೂಗಿದೆವು. ಆ ಕೂಗಿನ ಕೊನೆಯಲ್ಲಿ, ಮತ್ತೆ ಬೆನ್ನೇ ಕಂಡ ಸಿಟ್ಟಿಗೆ ನಾನು ಅರಚಿದ್ದೆ:

“ಲೇ, ಕೂತ್ಕೊಳೋ! ನಿನ್ ಬೆನ್ನು ನೋಡೋಕ್ ಬಂದಿದೀನಾ ನಾನು?”

ಈ ಸೀಸನ್ನಿನಲ್ಲಿ ಮೈದಾನದ ಸುತ್ತ ಹೊಸ ಸ್ಪೀಕರುಗಳು ಬಂದವು. ಮೆತ್ತನೆಯ ಕುರ್ಚಿಗಳ ಕಡೆಯ ಪ್ರೇಕ್ಷಕರು ಕೂಗುವುದಿಲ್ಲವಲ್ಲ, ಕೈಯಲ್ಲಿ ಫೋನಿರುತ್ತದೆ, ಚಪ್ಪಾಳೆಗೂ ಕೈ ಖಾಲಿಯಿರುವುದಿಲ್ಲ. ಅದಕ್ಕೆ ಹುರುಪು ತುಂಬಲು ನೀವು ನಮ್ಮದೇ ಕೂಗನ್ನು ಗುಂಡಿ ಒತ್ತಿ ಬಿಡತೊಡಗಿದಿರಿ. ಗುಂಡಿ ಒತ್ತುವವರ ಕೋಣೆಯಿಂದ ಮೈದಾನ ಪೂರ್ತಿ ಕಾಣುವುದಿಲ್ಲವೋ, ಅವರಿಗೆ ಆಟವೇ ತಿಳಿಯುವುದಿಲ್ಲವೋ! ಎದುರಾಳಿಗಳು ಗೋಲು ಹೊಡೆದಾಗ ಒಮ್ಮೆ ಒತ್ತಿದರು. ನಮ್ಮ ಗೋಲ್‌ಕೀಪರ್ ಮೊಣಕಾಲು ಹಿಡಿದುಕೊಂಡು ಉರುಳಾಡುವಾಗ ಒಮ್ಮೆ ಒತ್ತಿದರು. ಪಾಪ, ಆತ ಎದ್ದು ನಮ್ಮ ಕಡೆ ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಮಾನ್ಯರೇ, ಅದು ನಾವಲ್ಲ ಎಂದು ಆತನಿಗಾದರೂ ದಯವಿಟ್ಟು ತಿಳಿಸಿ. ಅಷ್ಟು ದೊಡ್ಡ ಮೈದಾನದಲ್ಲಿ ಕೊನೆಯ ಆ ನನ್ನ ಮಾತು ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಗೊತ್ತಿದ್ದ ನಾವು ನಾಲ್ಕು ಜನ ಮಾತ್ರ ಗುರುತು ಹಿಡಿದು ನಗುತ್ತಿದ್ದೆವು.

ಆಮೇಲೆ ಸಂವಾದ. ಅತಿಥಿಗಳ ಊಟದ ಕೋಣೆಯಲ್ಲಿ, ರತ್ನಗಂಬಳಿಯ ಮೇಲೆ. ಮೈಕು ಒಂದೇ, ಅದೂ ವೇದಿಕೆಯ ಮೇಲೆ. ಸಂವಾದವೆಂದರೆ ಇಬ್ಬರು ಮಾತಾಡುವುದು ಎಂದು ನಾನು ತಿಳಿದಿದ್ದೆ; ಒಬ್ಬರು ಮಾತಾಡಿ ಉಳಿದವರು ಬಿಸ್ಕತ್ತು ತಿನ್ನುವುದಕ್ಕೂ ಅದೇ ಹೆಸರಿದೆ ಎಂದು ಅಂದು ಗೊತ್ತಾಯಿತು. ನೀವು ಪರದೆಯ ಕಡೆ ತಿರುಗಿ, ನಮಗೆ ಬೆನ್ನು ಹಾಕಿ, ಕೋಲಿನಿಂದ ಚಿತ್ರ ತೋರಿಸುತ್ತ ಹೇಳಿದಿರಿ: ‘ಮುಂದಿನ ಸೀಸನ್ನಿಗೆ ತಗಡಿನ ಸ್ಟ್ಯಾಂಡನ್ನು ಕೆಡವಿ, ಆ ಜಾಗದಲ್ಲಿ ಅತಿಥಿಗಳ ಅನುಭವ ವಲಯ ಕಟ್ಟಲಿದ್ದೇವೆ. ಯಾರೂ ಬೇಸರಪಡಬೇಕಿಲ್ಲ. ಸ್ಟ್ಯಾಂಡು ಹೋದರೂ ಅದರ ಸದ್ದು ನಮ್ಮಲ್ಲಿ ಭದ್ರವಾಗಿದೆ.’

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ಮಣ್ಣಾಯಿತು. ಆಗ ನಿಮ್ಮ ಗುಂಡಿಯವರು, ಸಾಹೇಬರ ಮಾತು ಮುಗಿಯಿತು, ಏನಾದರೂ ಸಂಭ್ರಮ ಆಗಬೇಕು ಎಂಬ ಅಭ್ಯಾಸಬಲದಿಂದ, ಒತ್ತಿಯೇಬಿಟ್ಟರು. ತಗಡಿನ ಸ್ಟ್ಯಾಂಡನ್ನು ಕೆಡವುವ ಸುದ್ದಿಗೆ ತಗಡಿನ ಸ್ಟ್ಯಾಂಡೇ ಕುಣಿದು ಕುಪ್ಪಳಿಸಿ ಕೂಗಿತು. ನೀವು ಬೆನ್ನು ತಿರುಗಿಸಿದ್ದವರು, ಮುಚ್ಚಿದ ನಮ್ಮ ಬಾಯಿಗಳನ್ನು ಕಾಣಲಿಲ್ಲ. ನಿಮ್ಮ ಹೆಗಲು ಸಂತೋಷದಿಂದ ಏರಿದ್ದನ್ನು ನಾವು ಕಂಡೆವು. ಸಣ್ಣ ಕೋಣೆ, ಒಳ್ಳೆಯ ಸ್ಪೀಕರು. ಕೂಗು ಇಳಿದ ಮೇಲೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು: “ಲೇ, ಕೂತ್ಕೊಳೋ! ನಿನ್ ಬೆನ್ನು ನೋಡೋಕ್ ಬಂದಿದೀನಾ ನಾನು?”

ಮಾನ್ಯರೇ, ನೀವು ಕೂತಿರಿ. ತಕ್ಷಣ ಕೂತಿರಿ. ಇಷ್ಟು ವರ್ಷಗಳಲ್ಲಿ ಅಭಿಮಾನಿಯೊಬ್ಬನ ಮಾತಿಗೆ ಕ್ಲಬ್ಬಿನ ಆಡಳಿತ ಅಷ್ಟು ಬೇಗ ಸ್ಪಂದಿಸಿದ್ದನ್ನು ನಾನು ಕಂಡಿಲ್ಲ.

ಮಾರನೆಯ ದಿನ ಕ್ಲಬ್ಬಿನ ಪ್ರಕಟಣೆ ಬಂತು: ಯೋಜನೆಯನ್ನು ಅಭಿಮಾನಿಗಳು ಹರ್ಷೋದ್ಗಾರದೊಂದಿಗೆ ಸ್ವಾಗತಿಸಿದರು, ಒಬ್ಬ ಮಾತ್ರ ಅಸಭ್ಯವಾಗಿ ವರ್ತಿಸಿದ. ಆ ಒಬ್ಬನನ್ನು ಪತ್ತೆ ಹಚ್ಚಿದ್ದು ಹೇಗೆ? ಮಾತಿನ ಧಾಟಿಯಿಂದಂತೆ. ಊರಿನ ಒಂದು ಕೌಂಟರಿನಲ್ಲೂ ಮೊದಲ ಸಲಕ್ಕೆ ಅರ್ಥವಾಗದ ನನ್ನ ಮಾತು, ನಿಮಗೆ ಒಂದೇ ಸಲಕ್ಕೆ ಅರ್ಥವಾಗಿ ವಿಳಾಸ ಸಮೇತ ಸಿಕ್ಕಿತು!

ನಿಮ್ಮ ಅಭಿಮಾನಿ ಸಂಪರ್ಕಾಧಿಕಾರಿಯನ್ನು ಹೋಗಿ ಕಂಡೆ. ಕೆಟ್ಟವರಲ್ಲ. ಟೀ ತರಿಸಿದರು.

“ಸರ್, ನಾನ್ ಬಾಯೇ ಬಿಟ್ಟಿಲ್ಲ. ಅದು ರೆಕಾರ್ಡಿಂಗ್.”

“ಧ್ವನಿ ನಿಮ್ದೇ ತಾನೆ?”

“ನಂದೇ. ಆದ್ರೆ ಹೋದ್ ವರ್ಷದ್ದು.”

“ಹೋದ್ ವರ್ಷದ್ದಾದ್ರೂ ಏಕವಚನ ಏಕವಚನಾನೇ ಅಲ್ವೇನ್ರೀ? ಅಧ್ಯಕ್ಷರಿಗೆ ಹಾಗೆಲ್ಲ ಅನ್ನೋದಾ?”

“ಲೈಟುಕಂಬಕ್ಕೆ ಅಂದಿದ್ದು ಸರ್.”

“ಲೈಟುಕಂಬಕ್ಕೆ ಕೂತ್ಕೋ ಅಂತ ಯಾರಾದ್ರೂ ಅಂತಾರಾ? ಏನ್ ಹೇಳ್ತಿದೀರಿ ನೀವು?”

ಲೈಟುಕಂಬ ಒಬ್ಬ ಮನುಷ್ಯ ಎಂದು ವಿವರಿಸುವಷ್ಟರಲ್ಲಿ ಟೀ ಆರಿತು. ಆಮೇಲೆ ಕೇಳಿದೆ, “ಸರಿ ಸರ್, ನನ್ ಕೂಗು ನಿಜವಾದ್ದು ಅಂತೀರಿ. ಹಾಗಾದ್ರೆ ಉಳಿದವರ ಕೂಗು? ಅದೂ ಹೋದ್ ವರ್ಷದ್ದೇ. ಗೋಲಿಗೆ ಕೂಗಿದ್ದು. ಸ್ಟ್ಯಾಂಡ್ ಕೆಡವ್ತೀವಿ ಅಂದಿದ್ದಕ್ಕೆ ಅಲ್ಲ.”

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ನೋಡಿಪ್ಪಾ, ಅದನ್ನ ಹಾಗೆಲ್ಲ ಕೆದಕಬೇಡಿ. ಕೂಗಿದ್ದು ಮೆಷಿನ್ ಅಂತ ಒಪ್ಕೊಂಡ್ರೆ, ಜನ ಒಪ್ಪಿದ್ದೂ ಮೆಷಿನ್ನೇ ಅಂತ ಆಗ್ಬಿಡುತ್ತೆ. ಯೋಜನೆ ಮುಂದಕ್ಕೆ ಹೋಗಿದೆ. ನೀವು ‘ಸಭೆಯಲ್ಲಿ ಕೂಗಿದ್ದಕ್ಕೆ ಕ್ಷಮಿಸಿ’ ಅಂತ ಎರಡು ಸಾಲು ಬರ್ಕೊಡಿ. ಕೊನೇ ಮ್ಯಾಚಿಗೆ ಒಳಗ್ ಬಿಡಿಸ್ತೀನಿ. ನನ್ ಜವಾಬ್ದಾರಿ.”

ಪೆನ್ನು ಕೊಟ್ಟರು. ತೆಗೆದುಕೊಂಡೆ ಕೂಡ. ಕೊನೆಯ ಮ್ಯಾಚೆಂದರೆ ತಗಡಿನ ಸ್ಟ್ಯಾಂಡಿಗೇ ಕೊನೆಯ ಮ್ಯಾಚು, ಯಾರಿಗೆ ಆಸೆಯಾಗದು? ಆದರೆ ಆ ಎರಡು ಸಾಲು ಬರೆದರೆ, ಅಂದು ಆ ಕೋಣೆಯಲ್ಲಿ ಕೇಳಿದ್ದೆಲ್ಲ ಜೀವಂತ ಬಾಯಿಗಳಿಂದಲೇ ಬಂದದ್ದು ಎಂದು ನಾನೇ ಸಹಿ ಹಾಕಿದಂತೆ. ನಾನೊಬ್ಬ ಒಳಗೆ ಹೋಗಲು ಇಡೀ ಸ್ಟ್ಯಾಂಡನ್ನು ಕೆಡವಿಸಿದಂತೆ. ಪೆನ್ನನ್ನು ಟೀ ಲೋಟದ ಪಕ್ಕ ಇಟ್ಟು ಬಂದೆ. ಲೈಟುಕಂಬನಿಗೆ ಹೇಳಿದಾಗ ತಲೆ ಚಚ್ಚಿಕೊಂಡ, “ಬರ್ಕೊಟ್ಟು ಒಳಗ್ ಬರೋದು ಬಿಟ್ಟು ದೊಡ್ಡ ಮನುಷ್ಯ ಆಗೋಕ್ ಹೋದ್ಯಾ?” ಟೀಚರಮ್ಮ ಮಾತ್ರ, “ಒಳ್ಳೇದ್ ಮಾಡ್ದೆ ಕಣಪ್ಪಾ. ಹೇಗೂ ನಿನ್ ಕಾಗುಣಿತ ನೋಡಿದ್ರೆ ಅವರು ಕ್ಷಮಿಸ್ತಾ ಇರ್ಲಿಲ್ಲ” ಎಂದರು.

ಹೋದ ಭಾನುವಾರದ ಮ್ಯಾಚಿಗೆ ನಾನು ಮೈದಾನದ ಗೋಡೆಯಾಚೆ, ಟಯರ್ ಅಂಗಡಿಯ ಮುಂದೆ ನಿಂತಿದ್ದೆ. ತಗಡಿನ ಸ್ಟ್ಯಾಂಡು ಮೌನವಾಗಿತ್ತು. ನನ್ನನ್ನು ಹೊರಗಿಟ್ಟದ್ದಕ್ಕೆ ನಮ್ಮವರು ಬಾಯಿಗೆ ಬೀಗ ಹಾಕಿದ್ದರು. ಕೂಗುತ್ತಿದ್ದುದು ಯಂತ್ರ ಒಂದೇ. ಎಲ್ಲಿ ಏರುತ್ತದೆ, ಎಲ್ಲಿ ಸೀಟಿ ಬರುತ್ತದೆ, ಎಲ್ಲಿ ನಾನು ಬರುತ್ತೇನೆ, ಎಲ್ಲ ಬಾಯಿಪಾಠ.

ಟಯರ್ ಅಂಗಡಿಯವರು ಕೇಳಿದರು, “ಏನ್ ಗುರು, ಗೋಲಾ?”

“ಗೊತ್ತಿಲ್ಲ. ಈಗ ಕೊನೇಲಿ ಕೂಗಿದ್ದು ನಾನು.”

“ನೀನ್ ಇಲ್ಲೇ ನಿಂತಿದೀಯಲ್ಲಪ್ಪಾ!”

“ಅದೇ ಸಮಸ್ಯೆ.”

ನನ್ನ ಧ್ವನಿಗೆ ಒಳಗೆ ಪಾಸಿದೆ, ನನಗಿಲ್ಲ. ಅದಕ್ಕೆ ದಾಹವಿಲ್ಲ, ಕಾಲುನೋವಿಲ್ಲ, ಪ್ರಶ್ನೆ ಕೇಳುವುದಿಲ್ಲ, ಗುಂಡಿ ಒತ್ತಿದಾಗ ಮಾತ್ರ ಬಾಯಿ ಬಿಡುತ್ತದೆ. ನಿಮಗೆ ಬೇಕಾದ ಅಭಿಮಾನಿ ಅದೇ ಎಂದು ಅರ್ಥವಾಗುತ್ತದೆ, ಮಾನ್ಯರೇ. ಆದರೆ ಸೋತ ಮಾರನೆಯ ವಾರ ಮತ್ತೆ ಬರುವುದು ಅದಲ್ಲ, ನಾವು.

ಅಂದು ಕೋಣೆಗೆ ಬಂದ ಲೈಟುಕಂಬ, ಮಲಗಿದವರಿಗೆ ಎಚ್ಚರವಾಗದಂತೆ ನನ್ನ ಹಾಸಿಗೆಯ ತುದಿಯಲ್ಲಿ ಕುಕ್ಕರಿಸಿದ.

“ಇವತ್ತು ಇಡೀ ಮ್ಯಾಚ್ ಕೂತಿದ್ದೆ ಕಣೋ.”

“ಯಾಕೋ, ಕಾಲ್ ನೋವಾ?”

“ಕಾಲ್ಗೇನಾಗಿದೆ. ಆ ಸ್ಪೀಕರಲ್ಲಿ ನೀನ್ ಕೂಗ್ದೆ. ತಿರುಗಿ ನೋಡ್ದೆ, ಹಿಂದಿನ ಮೆಟ್ಲು ಖಾಲಿ. ಆದ್ರೂ ಕೂತೆ.”

“ಗೋಲ್ ಆದಾಗ್ಲೂ?”

“ಆಗ್ಲೂ. ನಿಂಗೆ ಕಾಣ್ಲಿ ಅಂತ.”

ನಾವಿಬ್ಬರೂ ಪಿಸುಮಾತಿನಲ್ಲೇ ಜಗಳವಾಡಿದೆವು. ಕೂತು ಗೋಲು ನೋಡುವವನು ಎಂಥ ಅಭಿಮಾನಿಯೋ ಎಂದು ನಾನು ಬೈದೆ, ಜೀವಮಾನವಿಡೀ ಅದನ್ನೇ ಕೇಳಿದ್ದು ನೀನಲ್ಲವೇನೋ ಎಂದು ಅವನು ಬೈದ. ಮಾನ್ಯರೇ, ಸಂವಾದ ಎಂದರೆ ಇದು. ಒಬ್ಬ ಕೂಗುತ್ತಾನೆ, ಇನ್ನೊಬ್ಬ ತಿರುಗಿ ನೋಡುತ್ತಾನೆ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಕೊನೆಯ ಮ್ಯಾಚಿಗೆ ಮೊದಲು ಆ ಸಭೆಯನ್ನು ಇನ್ನೊಮ್ಮೆ ಕರೆಯಿರಿ. ಬಿಸ್ಕತ್ತು ಬೇಡ. ಸ್ಪೀಕರಿನ ಪ್ಲಗ್ಗನ್ನು ಕಿತ್ತು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಡಿ. ಪರದೆಯ ಕಡೆಗಲ್ಲ, ನಮ್ಮ ಕಡೆಗೆ ಮುಖ ಮಾಡಿ ನಿಂತು, ತಗಡಿನ ಸ್ಟ್ಯಾಂಡನ್ನು ಕೆಡವುತ್ತೇವೆ ಎಂಬ ಅದೇ ಮಾತನ್ನು ಅದೇ ಧೈರ್ಯದಿಂದ ಹೇಳಿ. ಆಮೇಲೆ ಬರುವ ಸದ್ದು ಹರ್ಷೋದ್ಗಾರವೇ ಆಗಿದ್ದರೆ, ನಾನೇ ಬಂದು ಮೊದಲ ತಗಡು ಇಳಿಸಿಕೊಡುತ್ತೇನೆ, ಲೈಟುಕಂಬನನ್ನೂ ಕರೆತರುತ್ತೇನೆ, ಏಣಿಯ ಖರ್ಚು ಉಳಿಯುತ್ತದೆ. ಆಗಿರದಿದ್ದರೆ ಸ್ಟ್ಯಾಂಡನ್ನು ಉಳಿಸಿ, ನನ್ನನ್ನು ಒಳಗೆ ಬಿಡಿ. ಅಂದು ನಿಮಗೇನಾದರೂ ಹೇಳಬೇಕಾಗಿ ಬಂದರೆ ಖಂಡಿತ ಬಹುವಚನದಲ್ಲೇ ಕೂಗುತ್ತೇನೆ. ಟೀಚರಮ್ಮ ನನಗೆ ಅಭ್ಯಾಸ ಮಾಡಿಸುತ್ತಿದ್ದಾರೆ.

ಇಂತಿ,
ನಿಮ್ಮ ಸ್ಪೀಕರಿನ ಒಳಗೂ ನಿಮ್ಮ ಗೇಟಿನ ಹೊರಗೂ ಇರುವ,
ಲೈಟುಕಂಬದ ಹಿಂದಿನ ಮೆಟ್ಟಿಲಿನವನು